ಸರಸ ಕರೆಯದ ಹೆಸರು

ಬೀಜಾಡಿಯ ಕಡಲ ತಡಿಯಲ್ಲಿ ನಿಂತು "ಸೂರಾ" ಎಂದು ಒಂದು ಕೂಗು ಹಾಕಿದರೆ ಬಲೆ ಎಳೆಯುವವರಲ್ಲಿ ಅರ್ಧ ಜನ ತಿರುಗಿ ನೋಡುತ್ತಿದ್ದ ಕಾಲವೊಂದಿತ್ತು. ಭಟ್ಟರ ಬಾಯಲ್ಲಿ ಸೂರ್ಯ, ದೋಣಿ ಹತ್ತಿದ ಮೇಲೆ ಸೂರ. ಕಡಲಿಗೆ ಹೋಗುವವನಿಗೆ ಬೆಳಕಿಗಿಂತ ದೊಡ್ಡ ದೇವರು ಯಾರು? ಹಾಗಾಗಿ ಮನೆಗೊಬ್ಬ ಸೂರ. ಗುರುತಿಗೆಂದು ಒಬ್ಬ ಉದ್ದ ಸೂರ, ಇನ್ನೊಬ್ಬ ಗಡ್ಡದ ಸೂರ. ಆಮೇಲೆ ಮುಂಬಯಿ ಹೋಟೆಲಿಗೆ ಹೋದ ಸೂರಂದಿರು ಸುರೇಶರಾಗಿ ಊರಿಗೆ ಬಂದರು. ಸುರೇಶರ ಮಕ್ಕಳು ಸೂರಜ್ ಆದರು. ಹೆಸರಿಗೂ ಇಸ್ತ್ರಿ ಬೇಕೆನ್ನುವ ಕಾಲ ಬಂದ ಮೇಲೆ ಪಾಪ, ಸೂರನನ್ನು ಕೇಳುವವರೇ ಇಲ್ಲ. ಈಗ ಊರಿಗೆ ಉಳಿದದ್ದು ಉದ್ದ ಸೂರ ಒಬ್ಬನೇ. ಅವನಿಗೂ ಬೆನ್ನು ಬಾಗಿ ಉದ್ದ ಕಡಿಮೆಯಾಗಿದೆ.

ಮೀನು ಮಾರುವ ಸರಸಳ ತೀರಿಹೋದ ಗಂಡನೂ ಒಬ್ಬ ಸೂರನೇ. ಆದರೆ ಆ ಹೆಸರು ಅವಳ ಬಾಯಿಂದ ಒಮ್ಮೆಯೂ ಬಂದದ್ದಿಲ್ಲ. ಗಂಡನ ಹೆಸರು ಹೇಳಿದರೆ ಅವನ ಆಯುಷ್ಯ ಸವೆಯುತ್ತದೆ ಎಂದು ಮದುವೆಯಾದ ಹೊಸತರಲ್ಲಿ ಅತ್ತೆ ಹೇಳಿದ್ದರು. ಮನೆಯಲ್ಲಿ "ಹ್ವಾಯ್" ಎಂದರೆ ಅವನು. ರೇಷನ್ ಅಂಗಡಿಯಲ್ಲಿ ಗಂಡನ ಹೆಸರು ಕೇಳಿದರೆ ಸರಸ ಪಕ್ಕದ ಮನೆಯ ಪದ್ದುವಿನ ಮುಖ ನೋಡುತ್ತಿದ್ದಳು, ಪದ್ದು ಹೇಳುತ್ತಿದ್ದಳು. ಮೂರು ವರ್ಷದ ಹಿಂದೆ ಸೂರ ಕಾಯಿಲೆಯಾಗಿ ಆಸ್ಪತ್ರೆಯಲ್ಲಿ ಮಲಗಿದ್ದಾಗ, "ಒಂದ್ ಸಲ ಹೆಸ್ರ್ ಹಿಡ್ದ್ ಕರಿಯೇ, ಕೇಂಬ" ಎಂದು ನಗುತ್ತ ಕೇಳಿದ್ದ.

"ಸುಮ್ನಿರಿ ಕಾಂಬ" ಎಂದು ಸರಸ ಗದರಿದ್ದಳು. ಉಳಿದ ನಾಲ್ಕು ದಿನವೂ ಸವೆದು ಹೋದೀತೆಂಬ ಹೆದರಿಕೆ ಅವಳದು. ಕರೆಸಿಕೊಳ್ಳದೆಯೇ ಅವನು ಹೋದ. ಒಂದು ಸಲ ಕರೆದಿದ್ದರೆ ಏನಾಗುತ್ತಿತ್ತು ಎಂಬ ಸಂಕಟ ಅವಳನ್ನು ಇನ್ನೂ ಬಿಟ್ಟಿಲ್ಲ.

ಈಗ ಮಗ ರವಿರಾಜನಿಗೆ ಗಂಡು ಮಗು. ಗಂಡನ ಹೆಸರು ಮೊಮ್ಮಗನಿಗೆ ಬರಲಿ ಎಂಬುದೊಂದೇ ಸರಸಳ ಆಸೆ. ಆದರೆ ಕೇಳಬೇಕಾದರೆ ಹೆಸರು ಹೇಳಬೇಕಲ್ಲ! ಅಷ್ಟರಲ್ಲಿ, ಕಿರಿಮಂಜೇಶ್ವರದ ತವರಿನಲ್ಲಿ ಬಾಣಂತನ ಮುಗಿಸಿ ಬಂದ ಸೊಸೆ ವಿಜೇತಾ ಮೊಬೈಲು ನೋಡಿ "ವಿಹಾನ್" ಎಂದು ಗೊತ್ತುಮಾಡಿಬಿಟ್ಟಳು. ಮುಂಜಾವು ಎಂದು ಅರ್ಥವಂತೆ. ಸರಸ ಬಾಯಿಗೆ ಬೀಗ ಹಾಕಿಕೊಂಡಳು.

ಅವಳ ಕೈ ಹಿಡಿದದ್ದು ಮಗುವಿನ ಲಸಿಕೆ. ಆಸ್ಪತ್ರೆಯಲ್ಲಿ ನರ್ಸ್ "ವಿಹಾನ್" ಎಂದು ಕೂಗಿದಾಗ ಮೂವರು ತಾಯಂದಿರು ಎದ್ದು ನಿಂತರಂತೆ. ವಿಜೇತಾ ಮುಖ ಊದಿಸಿಕೊಂಡು ಮನೆಗೆ ಬಂದಳು.

"ಊರಿಗೆಲ್ಲ ಒಂದೇ ಹೆಸ್ರಾ? ನಂಗ್ ಬ್ಯಾಡ."

ಸರಸ ಧೈರ್ಯ ಮಾಡಿದಳು. "ಅವ್ರ್ ಹೆಸ್ರ್ ಇಟ್ರೆ ಆಗ್ದಾ?"

"ಯಾರದ್ದ್ ಅತ್ತೆ?"

"ಅವ್ರದ್ದೇ." ಸರಸ ಗೋಡೆಯ ಫೋಟೋದ ಕಡೆಗೆ ಗದ್ದ ಎತ್ತಿದಳು.

ರವಿರಾಜ ನಕ್ಕುಬಿಟ್ಟ. "ಅಪ್ಪಯ್ಯನ್ ಹೆಸ್ರಾ? ಅಮ್ಮ, ಈಗಿನ್ ಕಾಲ್ದಗೆ ಸೂರ ಅಂದ್ರೆ ಶಾಲಿ ಮಕ್ಳ್ ನೆಗಾಡ್ತೊ."

"ನೆಗಾಡ್ಲಿ. ಬೆಳ್ಗಾಪ್ದ್ ಅಂತ ಹೆಸ್ರ್ ಇಡ್ತ್ರಿ. ಹೊತ್ತ್ ಹುಟ್ದೆ ಬೆಳ್ಗಾತ್ತಾ?"

ವಿಜೇತಾ ತೊಡೆಯ ಮೇಲಿನ ಮಗುವನ್ನು ನೋಡುತ್ತ "ಸೂರ" ಎಂದು ಮೆಲ್ಲಗೆ ಹೇಳಿ ನೋಡಿದಳು. ಊರಿನ ಬೇರೆ ಯಾವ ಮಗುವಿಗೂ ಇಲ್ಲದ ಹೆಸರು. ಅವಳಿಗೆ ಹಿಡಿಸಿತು. ಆದರೆ ಒಂದು ಷರತ್ತು ಹಾಕಿದಳು.

"ನಂಗ್ ನಾದ್ನಿ ಇಲ್ಲ ಅಲ್ದಾ, ತೊಟ್ಲಗೆ ಹೆಸ್ರ್ ಹೇಳುದ್ ನೀವೇ. ಮತ್ತೆ ದಿನಾ ಹೆಸ್ರ್ ಹಿಡ್ದೇ ಕರೀಕ್. ನನ್ ಮಗನ್ನ 'ಹ್ವಾಯ್' ಅಂದ್ರೆ ಆಪುದಿಲ್ಲ ಕಾಣಿ."

ಮಗುವಿನ ಕಿವಿಯಲ್ಲಿ ಹೆಸರು ಹೇಳಬೇಕಾದವಳು ತಂದೆಯ ಅಕ್ಕನೋ ತಂಗಿಯೋ. ರವಿರಾಜನಿಗೆ ಒಡಹುಟ್ಟಿದವರೇ ಇಲ್ಲ. ಮೀನು ಕೊಯ್ಯುವಾಗ, ಬಟ್ಟೆ ಒಗೆಯುವಾಗ ಸರಸ ಒಬ್ಬಳೇ ಹೇಳಲು ನೋಡಿದಳು. "ಸೂ" ಎನ್ನುವಷ್ಟರಲ್ಲಿ ನಾಲಗೆ ನಿಂತುಬಿಡುತ್ತಿತ್ತು.

"ನಾ ಹೇಳ್ತೆ ಬಿಡ್, ಇಷ್ಟ್ ವರ್ಷ ಹೇಳಲ್ಯಾ?" ಎಂದಳು ಪದ್ದು.

"ಇದೊಂದ್ ನೀ ಹೇಳುದ್ ಬ್ಯಾಡ" ಎಂದಳು ಸರಸ.

ನಾಮಕರಣದ ದಿನ ಮನೆ ತುಂಬ ಜನ. ಸರಸ ತೊಟ್ಟಿಲಿಗೆ ಬಗ್ಗಿದಳು. ಮಗು ಅವಳ ಮೂಗು ಹಿಡಿಯಲು ಕೈ ಚಾಚಿತು. ಅವಳಿಗೆ ಒಮ್ಮೆಲೇ ಅನಿಸಿತು, ಹೇಳಿದರೆ ಸವೆಯುವ ಹೆಸರಲ್ಲ ಇದು, ಹೇಳದಿದ್ದರೆ ಸತ್ತೇ ಹೋಗುವ ಹೆಸರು.

ಮೊದಲ ಸಲ ಬಂದದ್ದು ಬರೀ ಉಸಿರು. ಎರಡನೆಯದು ಮಗುವಿಗೆ ಮಾತ್ರ ಕೇಳಿಸಿತು. ಮೂರನೆಯ ಸಲ "ಸೂರಾ" ಎಂದದ್ದು ಅಂಗಳದಲ್ಲಿ ಎಲೆ ಹಾಕುತ್ತಿದ್ದವರಿಗೂ ಕೇಳಿತು. ಸರಸ ಅಳುತ್ತಲೇ ತಲೆಯೆತ್ತಿ ಫೋಟೋ ನೋಡಿದಳು.

"ಕರ್ದೆ ಕಾಣಿ. ಕೇಂತಾ?"

ಮರುದಿನ ಸಂಜೆ ಮಗುವನ್ನು ಸೊಂಟಕ್ಕೇರಿಸಿ ಕಡಲ ತಡಿಗೆ ಹೋದಳು. ಒಮ್ಮೆ ಬಿಟ್ಟ ಬಾಯಿ, ಇನ್ನು ತಡೆಯುವವರು ಯಾರು?

"ಸೂರಾ, ಹ್ವಾಯ್ ಸೂರಾ, ಕಡ್ಲ್ ಕಾಣ್!"

ಅತ್ತ ದೋಣಿಯ ನೆರಳಲ್ಲಿ ಬಲೆ ಹೆಣೆಯುತ್ತಿದ್ದ ಉದ್ದ ಸೂರ ಗಾಬರಿಯಿಂದ ತಿರುಗಿದ.

"ಎಂತ ಸರಸಕ್ಕಾ?"

"ನಿಮ್ಮನ್ನಲ್ಲ ಮಾರ್ರೆ, ನಮ್ ಸೂರನ್ನ್ ಕರದ್ದ್."

ಮುದುಕ ಬಲೆ ಬದಿಗಿಟ್ಟು ಎದ್ದ. ಬಾಗಿದ ಬೆನ್ನನ್ನು ಆದಷ್ಟು ನೆಟ್ಟಗೆ ಮಾಡಿಕೊಂಡು, ಇನ್ನೊಬ್ಬ ಸೂರನನ್ನು ನೋಡಲು ಬಂದ.