ಶಾಫ್ಟಿನ ಮುಚ್ಚಳ

ಅಪಾರ್ಟ್‌ಮೆಂಟ್ ಸಂಘದ ಅಧ್ಯಕ್ಷನಿಗೆ ಸುಗಂಧರಾಜ ಎಂದು ಹೆಸರಿಟ್ಟವಳು ನಾಲ್ಕನೇ ಮಹಡಿಯ ಟೈಲರಮ್ಮ. ಲಿಫ್ಟಿಗೆ ಮಲ್ಲಿಗೆ ಸ್ಪ್ರೇ, ಮೆಟ್ಟಿಲಿಗೆ ನಿಂಬೆ ಸ್ಪ್ರೇ. ನಾತ ಎಲ್ಲಿಂದ ಬರುತ್ತಿದೆ ಎಂದು ನೋಡುವ ಬುದ್ಧಿ ಮಾತ್ರ ಆ ಮಹಾನುಭಾವನ ಹತ್ತಿರ ಸುಳಿದಿರಲಿಲ್ಲ.

ಕಟ್ಟಡದ ನಡುವೆ ತಳದಿಂದ ತಾರಸಿಯವರೆಗೆ ಒಂದು ಶಾಫ್ಟ್. ಇಪ್ಪತ್ತು ಮನೆಗಳ ಬಚ್ಚಲು, ಅಡುಗೆಮನೆಗಳ ಫ್ಯಾನುಗಳು ಕೆಟ್ಟ ಗಾಳಿಯನ್ನು ಅದರೊಳಕ್ಕೇ ತಳ್ಳುತ್ತಿದ್ದವು. ಅದು ಮೇಲಿಂದ ಆಚೆ ಹೋಗುತ್ತಿತ್ತು. ಮೂರು ವರ್ಷದ ಹಿಂದೆ, ಪಾರಿವಾಳಗಳು ಗಲೀಜು ಮಾಡುತ್ತವೆಂದು ಸುಗಂಧರಾಜ ಅದರ ಬಾಯಿಗೆ ಫೈಬರ್ ಶೀಟ್ ಇಟ್ಟು ಸ್ಕ್ರೂ ಬಿಗಿಸಿ, ಸಂದಿಗಳಿಗೆ ರಬ್ಬರ್ ಕೂರಿಸಿ, ಚಪ್ಪಾಳೆ ಗಿಟ್ಟಿಸಿದ. ಒಂದು ಬಲೆ ಸಾಕಿತ್ತು. ಆದರೆ ಬಲೆ ಹಾಕಿದವನ ಫೋಟೋ ಯಾರು ತೆಗೆಯುತ್ತಾರೆ?

ಆಮೇಲೆ ಶುರುವಾಯಿತು ಫ್ಯಾನುಗಳ ಜಗಳ. ಕೆಳಗಿನವರ ಸಿಗರೇಟು ಹೊಗೆ ಮೇಲಿನವರ ಬಚ್ಚಲಿಗೆ ಬಂತು. ಮೇಲಿನವರು ದೊಡ್ಡ ಫ್ಯಾನ್ ತಂದರು. ಆ ಗಾಳಿ ಪಕ್ಕದ ಮನೆಗೆ ನುಗ್ಗಿತು. ಅವರು ಇನ್ನೂ ದೊಡ್ಡದು ತಂದರು. ಓದಿದವರು, ಕೆಲಸದಲ್ಲಿದ್ದವರು, ಒಬ್ಬರಿಗೂ ತಲೆ ಎತ್ತಿ ಮೇಲೆ ನೋಡಬೇಕೆನಿಸಲಿಲ್ಲ. ಎಲ್ಲರ ಗಾಳಿಯೂ ಕೊನೆಗೆ ಸೇರುತ್ತಿದ್ದುದು ಅತಿ ಚಿಕ್ಕ ಫ್ಯಾನಿದ್ದ ಟೈಲರಮ್ಮನ ಮನೆಗೆ. ಅವಳ ಎಂಟು ವರ್ಷದ ಮಗಳು ಬಚ್ಚಲಿಗೆ ಅಂಟಿದ ಕೋಣೆಯಲ್ಲಿ ಮಲಗಿ ಏದುಸಿರು ಬಿಡುತ್ತಿದ್ದಳು.

ರಿಪೇರಿಗೆ ಬಂದ ಮೆಕ್ಯಾನಿಕ್ ಹೇಳಿದ, "ಅಕ್ಕಾ, ಫ್ಯಾನೇನೂ ಕೆಟ್ಟಿಲ್ಲ. ಗಾಳಿ ಹೋಗೋಕೆ ದಾರೀನೇ ಇಲ್ಲ."

ಅವಳು ಸಂಘದ ಸಭೆಗೆ ಹೋದಳು. "ಸಾರ್, ಆ ಶೀಟ್ ತೆಗೆಸಿ. ನನ್ನ ಮಗಳಿಗೆ ಉಸಿರಾಡೋಕೆ ಆಗ್ತಿಲ್ಲ."

"ನಿಮ್ಮ ಫ್ಯಾನ್ ಚಿಕ್ಕದು ಕಣಮ್ಮಾ. ನನ್ ಥರ ದೊಡ್ಡದು ಹಾಕ್ಸಿ. ನಮ್ಮನೇಲಿ ಒಂಚೂರೂ ವಾಸನೆ ಇಲ್ಲ," ಎಂದ ಸುಗಂಧರಾಜ.

"ಹೇಗಿರುತ್ತೆ ಸಾರ್? ನಿಮ್ಮನೇದೆಲ್ಲ ನಮ್ಮನೇಲಿದೆಯಲ್ಲ!"

ಜನ ನಕ್ಕರು. ಶೀಟ್ ಇರಲಿ ಎಂದು ಕೈ ಎತ್ತಿದವರೂ ಅವರೇ. ಲಿಫ್ಟಿನಲ್ಲಿ ಅವಳ ಮುಂದೆ ಮೂಗು ಮುಚ್ಚಿಕೊಂಡು ಗೋಳಾಡಿದವರ ಕೈ ಎಲ್ಲರಿಗಿಂತ ಎತ್ತರದಲ್ಲಿತ್ತು. ಬೆನ್ನುಮೂಳೆ ಇಲ್ಲದ ಜನ ಎಂದು ಅವಳಿಗೆ ಹೇಸಿಗೆಯಾಯಿತು. ಆ ವಾರ ಮಗಳನ್ನು ಎರಡು ಸಲ ಆಸ್ಪತ್ರೆಗೆ ಎತ್ತಿಕೊಂಡು ಓಡಿದಳು.

ಭಾನುವಾರ ಬೆಳಿಗ್ಗೆ, ಎಲ್ಲ ಮನೆಗಳಲ್ಲೂ ಒಲೆ ಉರಿಯುವ ಹೊತ್ತಿಗೆ, ಟೈಲರಮ್ಮ ಸ್ಕ್ರೂಡ್ರೈವರ್ ಹಿಡಿದು, ತಾನೇ ಅಂಚು ಹೊಲಿದ ಬಲೆಯನ್ನು ಹೆಗಲಿಗೆ ಹಾಕಿಕೊಂಡು ತಾರಸಿ ಹತ್ತಿದಳು. ಕೊನೆಯ ಸ್ಕ್ರೂ ಬಿಚ್ಚುವಾಗ ಸುಗಂಧರಾಜ ಏದುತ್ತ ಬಂದ.

"ಏಯ್, ಯಾರನ್ನ ಕೇಳಿ ಮುಟ್ತಾ ಇದೀರ? ಸಂಘದ ಆಸ್ತಿ ಅದು!" ಎಂದು ಶೀಟಿನ ಮೇಲೆ ಬಗ್ಗಿ ಕೈ ಊರಲು ಹೋದ.

ಅವಳು ಶೀಟನ್ನು ಪಕ್ಕಕ್ಕೆ ಎಳೆದಳು. ಇಪ್ಪತ್ತು ಮನೆಗಳ ಕರಿದೆಣ್ಣೆ, ಫಿನಾಯಿಲು, ಹೊಗೆ, ಕೊಳೆತ ತೇವ ಎಲ್ಲ ಒಟ್ಟಿಗೆ ಎದ್ದು ಅವನ ಮುಖಕ್ಕೇ ಬಡಿಯಿತು. ಅವನು ಹಿಂದಕ್ಕೆ ಜೋಲಿ ಹೊಡೆದು, ಮೂಗು ಬಾಯಿ ಮುಚ್ಚಿಕೊಂಡು ಕಣ್ಣಲ್ಲಿ ನೀರು ಬರುವಷ್ಟು ಕೆಮ್ಮಿದ.

"ಥೂ! ಏನ್ ಗಬ್ಬು ಇದು! ಮನುಷ್ಯರು ಉಸಿರಾಡೋ ಗಾಳೀನಾ?"

"ನನ್ನ ಮಗಳು ಉಸಿರಾಡಿದ್ದು ಇದನ್ನೇ ಸಾರ್," ಎಂದಳು ಟೈಲರಮ್ಮ. "ಮೂರು ವರ್ಷ."

ಅವನು ಮೆಟ್ಟಿಲ ಕಡೆ ಓಡಿದ. ಅವಳು ಬಲೆ ಬಿಗಿಯತೊಡಗಿದಳು.