ಜೋಳ ಹಸನು ಮಾಡುವವಳು

ಸಂಕ್ರಾಂತಿ ಕಳೆದ ಮರುವಾರ ಬಾಗಲಕೋಟೆಯ ಪೇಟೆಯೊಳಗಿನ ಸಭಾಂಗಣದಲ್ಲಿ ಕಲಾ ಪ್ರದರ್ಶನ ನಡೆದಿತ್ತು. ಹೊರಗೆ ಹತ್ತಿಗಾಡಿ, ಟಾಂಗಾ, ಸೈಕಲ್ಲುಗಳ ಗದ್ದಲ. ಒಳಗೆ ಜನ ಚಪ್ಪಲಿ ಕಳಚಿಟ್ಟು, ಗುಡಿಗೆ ಬಂದವರ ಹಾಗೆ ಪಿಸುಮಾತಿನಲ್ಲಿ ಚಿತ್ರ ನೋಡುತ್ತಿದ್ದರು. ಹೆಣ್ಣುಮಕ್ಕಳ ಶಾಲೆಯ ಚಿತ್ರಕಲಾ ಶಿಕ್ಷಕಿ ಇಂದ್ರಾಬಾಯಿ ಮಾತ್ರ ಚಿತ್ರಗಳನ್ನಲ್ಲ, ಜನರ ಕೈಗಳನ್ನು ನೋಡುತ್ತ ನಿಂತಿದ್ದಳು.

ಅವಳ ಪಕ್ಕದಲ್ಲಿ ಅವಳೇ ಮಾಡಿದ ಸುಟ್ಟ ಮಣ್ಣಿನ ಆಳೆತ್ತರದ ಮೂರ್ತಿಯಿತ್ತು: ಮಂಡಿ ಮಡಚಿ ಕೂತು, ಮೊರ ಹಿಡಿದು ಜೋಳ ಹಸನು ಮಾಡುವ ಹೆಂಗಸು. ಸಂಜೆ ಐದಕ್ಕೆ ಮೂರ್ತಿ ಆರಿಸುವ ಸಮಿತಿಯ ಅಧ್ಯಕ್ಷ ಕಾಶಪ್ಪ ಬಂದು ಒಪ್ಪಿದರೆ ಅದು ಬಸ್ ನಿಲ್ದಾಣದ ಎದುರಿನ ಸರ್ಕಲ್ಲಿಗೆ ಹೋಗುತ್ತದೆ. ಒಪ್ಪದಿದ್ದರೆ ಹುಬ್ಬಳ್ಳಿಯಿಂದ ಬಾಯಿಂದ ನೀರು ಉಗುಳುವ ಸಿಮೆಂಟಿನ ಸಿಂಹ ಬರುತ್ತದೆ.

ಮೂರ್ತಿಯ ಎಡಹೆಗಲಲ್ಲಿ ಬಿರುಕಿತ್ತು. ಇಟ್ಟಂಗಿ ಭಟ್ಟಿಯಿಂದ ತೆಗೆದ ದಿನವೇ ಅವಳು ಅದನ್ನು ಕಂಡಿದ್ದಳು. ಅರಗು ಕಾಸಿ, ಇಟ್ಟಂಗಿ ಪುಡಿ ಬೆರೆಸಿ ತುಂಬಿ, ಮೇಲೆ ಕೆಮ್ಮಣ್ಣು ಬಳಿದಿದ್ದಳು. ಕಣ್ಣಿಗೆ ಏನೂ ಕಾಣುತ್ತಿರಲಿಲ್ಲ. ಗಂಡನಿಗೂ ಹೇಳಿರಲಿಲ್ಲ.

ನಾಲ್ಕರ ಸುಮಾರಿಗೆ, ಪೇಟೆಯಲ್ಲಿ ಗಡಿಗೆ ಮಾರುವ ಕುಂಬಾರರ ರಂಗವ್ವ ಖಾಲಿ ಬುಟ್ಟಿಯನ್ನು ಬಾಗಿಲಲ್ಲಿಟ್ಟು ಒಳಗೆ ಬಂದಳು. 'ಮುಟ್ಟಬಾರದು' ಎಂದು ಬರೆದಿದ್ದ ಹಲಗೆಯ ಮೇಲೆ ಒಂದು ಕೈ ಊರಿ, ಇನ್ನೊಂದು ಕೈಯ ಬೆರಳ ಗೆಣ್ಣಿನಿಂದ ಮೂರ್ತಿಯ ಬೆನ್ನು ಬಡಿದಳು. ಟಣ್!

"ಯವ್ವಾ, ಬಡೀಬ್ಯಾಡ!"

"ಯಾಕ್ರಿ ಅಕ್ಕಾರ? ನನ್ನ ಗಡಿಗಿ ಕೊಳ್ಳೋ ಮುಂದ ಹತ್ತ ಸಲ ಬಡದು ಬಡದು ನೋಡ್ತೀರಿ. ನಾ ಯಾವತ್ತರ ಬ್ಯಾಡ ಅಂದೇನೇನು?"

ಸುತ್ತಲಿದ್ದವರು ನಕ್ಕರು. ರಂಗವ್ವ ಬಲಹೆಗಲು ಬಡಿದಳು, ಟಣ್. ಎಡಹೆಗಲು ಡಬ್ ಎಂದಿತು. ಮತ್ತೊಮ್ಮೆ ಬಡಿದು, ಮೂರ್ತಿಯನ್ನು ಬಿಟ್ಟು ಇಂದ್ರಾಬಾಯಿಯ ಮುಖ ನೋಡಿದಳು. ಹತ್ತಿರ ಬಂದು ದನಿ ತಗ್ಗಿಸಿದಳು.

"ಅರಗೇನ್ರಿ?"

ಇಂದ್ರಾಬಾಯಿ ಹೌದೆಂದು ತಲೆಯಾಡಿಸಿದಳು.

"ಬ್ಯಾಸಗಿ ಬಿಸಲಿಗಿ ಕರಗತೈತಿ. ನಾ ಹೇಳೂದಿಲ್ಲ ಬಿಡ್ರಿ. ನಿಮ್ಮ ಮಾಲು, ನಿಮ್ಮ ಬಾಯಿ." ಅಷ್ಟಂದು ಅವಳು ಗೋಡೆಯ ಚಿತ್ರಗಳತ್ತ ಹೊರಟಳು.

ಆ ಒಂದು ತಾಸು ಇಂದ್ರಾಬಾಯಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಸರ್ಕಲ್ಲಿನಲ್ಲಿ ಇಳಕಲ್ಲಿನ ಬಸ್ಸಿಗೆ ಕಾಯುವವರು ನೆರಳು ಹುಡುಕುತ್ತಾರೆ. ಮೂರ್ತಿಯ ತೋಳಿನಡಿ ಕೂಸನ್ನು ಮಲಗಿಸಿಕೊಂಡು ಯಾರಾದರೂ ಕೂತೇ ಕೂರುತ್ತಾರೆ. ಅರಗು ಕರಗಿದರೆ ತೋಳು ಕಳಚಿ ಕೂಸಿನ ಮೇಲೇ ಬೀಳುತ್ತದೆ. ಹೇಳಿದರೆ ಸಿಂಹ ಬರುತ್ತದೆ. ಇನ್ನೊಮ್ಮೆ ತನ್ನನ್ನು ಯಾರು ಕರೆಯುತ್ತಾರೆ?

ಐದಕ್ಕೆ ಕಾಶಪ್ಪ ಬಂದ. ಮೂರ್ತಿಯನ್ನು ಒಂದು ಸುತ್ತು ಹಾಕಿ ಅರಳಿ ನಿಂತ.

"ಥೇಟ್ ನಮ್ಮವ್ವ ಕುಂತಂಗ ಐತ್ರಿ! ಮುಂದಿನ ವಾರನ ಸರ್ಕಲ್ಲಿನ್ಯಾಗ ಕುಂದ್ರಿಸಿಬಿಡೂಣು."

ಇಂದ್ರಾಬಾಯಿ ಮೂರ್ತಿಯ ಎಡಹೆಗಲ ಮೇಲೆ ಕೈಯಿಟ್ಟಳು. "ಬ್ಯಾಡ್ರಿ. ಹೆಗಲು ಒಡದೈತಿ. ನಾನ ಅರಗು ತುಂಬಿ ಮುಚ್ಚೇನಿ."

"ಒಡದದ್ದನ್ನ ತೋರಸಾಕ ನನ್ನ ಕರಸೀರೇನ್ರಿ ಅಕ್ಕಾರ? ಹೊಸಾ ಪಟಗಾ ಬ್ಯಾರೆ ಸುತಗೊಂಡ ಬಂದೇನಿ!"

ಯಾರೂ ನಗಲಿಲ್ಲ. ಅಷ್ಟರಲ್ಲಿ ರಂಗವ್ವ ಜನರ ನಡುವೆ ದಾರಿ ಮಾಡಿಕೊಂಡು ಬಂದಳು.

"ಮಣ್ಣು ಛಲೋ ಐತ್ರಿ ಸಾವಕಾರ, ಕೈನೂ ಛಲೋ ಐತಿ. ಹೆಗಲಾಗ ದಪ್ಪ ಬಿಟ್ಟಾರ. ಒಳಗ ಹಸಿ ಉಳದು ಬಿರತೈತಿ. ಇಟ್ಟಂಗಿ ಸುಡೋರಿಗಿ ಇದೇನ ಗೊತ್ತಾಗಬೇಕು? ಅಕ್ಕಾರು ಇನ್ನೊಂದು ಮಾಡ್ಲಿ, ನನ್ನ ಗಡಿಗಿ ಆವಿಗ್ಯಾಗ ಸುಟ್ಟ ಕೊಡ್ತೇನಿ."

ಕಾಶಪ್ಪ ತಲೆಯ ಮೇಲಿನ ಪಟಗಾ ಸರಿಮಾಡಿಕೊಂಡ. ಇಂದ್ರಾಬಾಯಿಯನ್ನು ನೋಡಿದ, ಮೂರ್ತಿಯನ್ನು ನೋಡಿದ.

"ಆತು. ಯುಗಾದಿತನಕ ಆ ಸಿಂಹ ಹುಬ್ಬಳ್ಳ್ಯಾಗ ಕುಂದರಲಿ. ಒಡಕನ್ನ ಬಾಯಿಬಿಟ್ಟು ಹೇಳೋರು ನನಗೂ ಭಾಳ ಸಿಕ್ಕಿಲ್ಲ. ಆದ್ರ ಇದು ನಮ್ಮವ್ವನ ಹಂಗ ಇರಬೇಕು ನೋಡ್ರಿ, ಮತ್ತ."

"ನಿಮ್ಮವ್ವ ಜ್ವಾಳ ಹಸನ ಮಾಡೂದನ್ನ ನೀವು ಯಾವಾಗ ನೋಡೀರಿ?" ಎಂದಳು ರಂಗವ್ವ. "ಹಿಂಗ ಮಂಡಿ ಮಡಚಿ ಕುಂತ್ರ ಮೊರ ಎಲ್ಲಿ ಆಡಬೇಕು?"

ಈಗ ಎಲ್ಲರೂ ನಕ್ಕರು, ಕಾಶಪ್ಪನೂ. ರಂಗವ್ವ ಸಭಾಂಗಣದ ನಟ್ಟನಡುವೆ ಕಾಲು ಚಾಚಿ ಕೂತು, ಬರಿಗೈಯಲ್ಲೇ ಮೊರ ಹಿಡಿದವಳಂತೆ ಜೋಳ ಹಾರಿಸತೊಡಗಿದಳು. ಇಂದ್ರಾಬಾಯಿ ಅವಳೆದುರು ನೆಲದ ಮೇಲೆಯೇ ಕೂತು, ಆಮಂತ್ರಣ ಪತ್ರಿಕೆಯ ಹಿಂಬದಿಯಲ್ಲಿ ಅವಳ ಚಿತ್ರ ಬರೆಯತೊಡಗಿದಳು.

"ಹೆಗಲು ಸ್ವಲ್ಪ ತಗ್ಗಸ, ಯವ್ವಾ."

"ತಗ್ಗಿಸಿದ್ರ ಜ್ವಾಳ ಚೆಲ್ಲತಾವ್ರಿ. ಇದ್ದಂಗ ಬರೀರಿ."

ಇಂದ್ರಾಬಾಯಿ ಇನ್ನೊಂದು ಪತ್ರಿಕೆ ತೆಗೆದುಕೊಂಡಳು.