ದನದ ಡಾಕ್ಟರ ಗಾಡಿಗೆ ಎರಡು ಇಂಚು

ನಮ್ಮ ಮನೆಗೆ ಸೊಸೆ ಬಂದದ್ದು ಸ್ಪ್ಯಾನರ್ ಪೆಟ್ಟಿಗೆಯ ಸಮೇತ. ಮಗ ಶಾಲೆಯಲ್ಲಿ ಚಿತ್ರ ಕಲಿಸುವವನು. ಗ್ರೀಸು ಕಂಡರೆ ಮಾರು ದೂರ ಹಾರುತ್ತಾನೆ. ಅಂಥವನು ಲಾರಿ ವರ್ಕ್‌ಶಾಪಿನಲ್ಲಿ ಆರು ವರ್ಷ ಪಳಗಿದ ಹುಡುಗಿಯನ್ನು ಕಟ್ಟಿಕೊಂಡಾಗ ನನ್ನ ಗ್ಯಾರೇಜಿನ ಅದೃಷ್ಟ ಖುಲಾಯಿಸಿತು ಅಂದುಕೊಳ್ಳಬೇಕಿತ್ತು. ನಾನೋ, ನನ್ನ ಸಾಮಾನು ಮುಟ್ಟಬೇಡ ಅಂದೆ. ನನ್ನ ಸಿಟ್ಟು ಇಡೀ ಬೀದಿಗೆ ಗೊತ್ತು.

ಎರಡು ವರ್ಷದ ಹಿಂದೆ ನನ್ನ ಬಲಭುಜ ಹಿಡಿದುಕೊಂಡಿತು. ಕೈ ಕಿವಿಯ ಮೇಲಕ್ಕೆ ಏಳದು. ಅಲ್ಲಿಂದ ಗಾಡಿಯ ಕೆಳಗೆ ಮಲಗುವವಳು ಅವಳು, ಬಾಗಿಲಲ್ಲಿ ಸ್ಟೂಲು ಹಾಕಿಕೊಂಡು ಗಿರಾಕಿಗಳ ಜೊತೆ ಮಾತಾಡುವವನು ನಾನು. ಗಾಡಿ ಚೆನ್ನಾಗಿ ಓಡಿದರೆ ಎಲ್ಲರೂ ನನ್ನನ್ನೇ ಹೊಗಳುತ್ತಿದ್ದರು, ನಾನೂ ಬೇಡ ಅನ್ನುತ್ತಿರಲಿಲ್ಲ. ನಲವತ್ತು ವರ್ಷ ಕಟ್ಟಿದ ಹೆಸರು. ಭುಜದ ಜೊತೆ ಅದೂ ಹೋದರೆ ನನ್ನ ಹತ್ತಿರ ಇನ್ನೇನು ಉಳಿಯಿತು? ಅವಳು ಒಂದು ದಿನವೂ ತುಟಿ ಬಿಚ್ಚಲಿಲ್ಲ. ಹೊಗಳಿಕೆ ಬಂದಾಗಲೆಲ್ಲ ಚಿಂದಿಬಟ್ಟೆಯಲ್ಲಿ ಕೈ ಒರೆಸಿಕೊಳ್ಳುತ್ತ ಆ ಕಡೆ ತಿರುಗುತ್ತಿದ್ದಳು, ಅಷ್ಟೆ.

ದನದ ಡಾಕ್ಟರು ಪಿಕಪ್ ತಂದು ನಿಲ್ಲಿಸಿದಾಗಲೂ ಹಾಗೇ ಆಯಿತು. ಕೊಟ್ಟಿಗೆಗಳಿಗೆ ಹೋಗುವ ದಾರಿಯಲ್ಲಿ ಒಂದು ಹಳ್ಳ. ಹೋದ ವಾರ ಅದರ ಕಲ್ಲುಗಳಿಗೆ ಗಾಡಿಯ ಹೊಟ್ಟೆ ತಗುಲಿ ಅಲ್ಲೇ ಸಿಕ್ಕಿಕೊಂಡಿತಂತೆ. ಔಷಧದ ಪೆಟ್ಟಿಗೆ ತಲೆಯ ಮೇಲೆ ಹೊತ್ತು ನಡೆದು ಮುಟ್ಟುವಷ್ಟರಲ್ಲಿ ಹುಟ್ಟಬೇಕಾಗಿದ್ದ ಕರು ಉಳಿಯಲಿಲ್ಲ. ಲಿಫ್ಟ್ ಕಿಟ್ ಹಾಕಿ ಗಾಡಿ ಎತ್ತರ ಮಾಡಿಕೊಡಿ, ಆದರೆ ನೀವೇ ಮಾಡಬೇಕು ಎಂದರು.

"ಬೇರೆಯವ್ರು ಕೈ ಹಾಕೋದಾದ್ರೆ ಈಗ್ಲೇ ಹೇಳ್ಬಿಡಿ ಮೇಸ್ತ್ರಿ, ವಾಪಸ್ ತಗೊಂಡು ಹೋಗ್ತೀನಿ."

"ನಾನಿಲ್ವಾ?" ಅಂದೆ. ಒಳಗೆ ಜ್ಯಾಕ್ ಒತ್ತುತ್ತಿದ್ದ ಸದ್ದು ಒಂದು ಗಳಿಗೆ ನಿಂತು ಮತ್ತೆ ಶುರುವಾಯಿತು.

ಕಿಟ್ ಆರಿಸುವಾಗಲೇ ನಮ್ಮಿಬ್ಬರಿಗೆ ಜಟಾಪಟಿ. ನಾಲ್ಕು ಇಂಚಿನದ್ದೇ ಇರಲಿ, ಗಾಡಿ ಹೊರಟರೆ ಬೀದಿ ಕತ್ತೆತ್ತಿ ನೋಡಬೇಕು ಎಂದು ನನ್ನ ವಾದ. ಅವಳು ಸೀಮೆಸುಣ್ಣ ಹಿಡಿದು ಕೆಳಗೆ ನುಸುಳಿ ಕಲ್ಲು ಗೀರಿದ ಕಡೆಯೆಲ್ಲ ಗುರುತು ಹಾಕಿದಳು. ಹಳ್ಳದ ಅತಿ ದೊಡ್ಡ ಕಲ್ಲು ಎಷ್ಟೆತ್ತರ ಎಂದು ಡಾಕ್ಟರಿಗೆ ಫೋನು ಮಾಡಿ ಅಳೆಸಿದಳು. ಎರಡು ಇಂಚು ಸಾಕು, ನಾಲ್ಕು ಏರಿಸಿದರೆ ಬ್ರೇಕಿನ ಪೈಪು ಎಳೆದುಕೊಳ್ಳುತ್ತದೆ, ಹಿಂದಿನ ಚಕ್ರಕ್ಕೆ ಹೋಗುವ ಶಾಫ್ಟ್ ನಡುಗುತ್ತದೆ ಎಂದಳು. ನಾನು ಇನ್ನೂ ಗುರುಗುಡುತ್ತಿದ್ದೆ.

"ಡಾಕ್ಟ್ರು ನನ್ನ ಭುಜದಷ್ಟೂ ಎತ್ತರ ಇಲ್ಲ ಮಾವ. ದಿನಕ್ಕೆ ಇಪ್ಪತ್ತು ಸಲ ಹತ್ತಿ ಇಳೀಬೇಕು. ಕಿಟ್ ಜೊತೆ ಏಣಿನೂ ಕೊಡ್ತೀರಾ?"

ನಗು ತಡೆಯಲಾಗಲಿಲ್ಲ. ಎರಡು ಇಂಚಿನದ್ದೇ ತರಿಸಿದೆವು.

ಎರಡು ದಿನದ ಕೆಲಸ. ಮುಂದಿನ ಸ್ಪ್ರಿಂಗು, ಹಿಂದಿನ ಕಮಾನು ಪ್ಲೇಟು, ನಾಲ್ಕೂ ಶಾಕ್ ಅಬ್ಸಾರ್ಬರು, ಕೀಲುಗಳಿಗೆ ಹೊಸ ರಬ್ಬರ್ ಬುಷ್ ಎಲ್ಲ ಅವಳೇ ಕೂರಿಸಿದಳು. ಎರಡನೆಯ ದಿನ ಮಧ್ಯಾಹ್ನ ನಾನು ಬಗ್ಗಿ ನೋಡಿದೆ. ಗಾಡಿ ಸ್ಟ್ಯಾಂಡುಗಳ ಮೇಲಿದೆ, ಚಕ್ರಗಳು ನೇತಾಡುತ್ತಿವೆ, ರಬ್ಬರ್ ಬುಷ್‌ಗಳ ಬೋಲ್ಟುಗಳೆಲ್ಲ ಬರಿಗೈಗೆ ತಿರುಗುತ್ತಿವೆ! ನನಗೆ ಸಿಟ್ಟು ನೆತ್ತಿಗೇರಿತು. ಇಷ್ಟು ಹೊತ್ತು ಏನು ಕಡಿದು ಕಟ್ಟೆ ಹಾಕಿದೆ, ಡಾಕ್ಟರನ್ನು ಸಾಯಿಸಬೇಕು ಅಂತಿದ್ದೀಯಾ ಎಂದು ಕೂಗಾಡಿ, ಎಡಗೈಯಲ್ಲೇ ಸ್ಪ್ಯಾನರ್ ಎತ್ತಿಕೊಂಡು ಬಿಗಿ ಮಾಡಲು ಹೋದೆ.

ಅವಳು ಸ್ಪ್ಯಾನರಿನ ಮೇಲೆ ಕೈ ಇಟ್ಟಳು. "ತಡೀರಿ ಮಾವ. ಗಾಡಿ ನೆಲಕ್ಕಿಳೀಲಿ, ಭಾರ ಕೂತ್ಮೇಲೆ ಬಿಗಿ ಮಾಡೋಣ. ನೇತಾಡ್ತಿರೋವಾಗ ಮಾಡಿದ್ರೆ ಒಳಗಿನ ರಬ್ಬರ್ ತಿರುಚ್ಕೊಂಡೇ ಇರುತ್ತೆ. ನಾಲ್ಕು ತಿಂಗಳಿಗೆ ಹರಿದು ಕಿರಕಿರ ಅನ್ನುತ್ತೆ."

ನಾಲ್ಕು ತಿಂಗಳು. ಮೂರು ವರ್ಷದ ಹಿಂದೆ ಇದೇ ಗಾಡಿಗೆ ನಾನು ಬುಷ್ ಹಾಕಿದ್ದೆ, ಗಾಡಿ ಮೇಲಿರುವಾಗಲೇ ಗಟ್ಟಿಯಾಗಿ ಬಿಗಿದಿದ್ದೆ. ನಾಲ್ಕೇ ತಿಂಗಳಿಗೆ ಕಿರಕಿರ. ಬದಲಾಯಿಸಿದೆ, ಮತ್ತೆ ಕಿರಕಿರ. ಈಗ ಬರೋ ರಬ್ಬರೆಲ್ಲ ಡೂಪ್ಲಿಕೇಟು ಎಂದು ಡಾಕ್ಟರನ್ನು ನಂಬಿಸಿದ್ದೆ, ನಾನೂ ನಂಬಿದ್ದೆ. ಅಯ್ಯೋ, ಇಷ್ಟು ದಿನ ಪಾಪದ ರಬ್ಬರಿಗೆ ಬೈದಿದ್ದೆನಲ್ಲ! ನಾಚಿಕೆಯಿಂದ ಮುಖ ಬಿಸಿಯಾಯಿತು. ಅದರ ಬೆನ್ನಿಗೇ ಎದೆಯೂ ಉಬ್ಬಿತು, ಇಂಥ ಕೆಲಸಗಾತಿ ನಮ್ಮ ಮನೆಯವಳು ಎಂದು. ಸ್ಪ್ಯಾನರ್ ಅವಳ ಕೈಗೆ ಕೊಟ್ಟೆ.

ಅವಳು ಗಾಡಿ ಇಳಿಸಿದಳು, ಮುಂದೆ ಹಿಂದೆ ಒತ್ತಿ ಕುಲುಕಿದಳು, ಕೆಳಗೆ ನುಸುಳಿ ಒಂದೊಂದೇ ಬೋಲ್ಟು ಬಿಗಿದಳು. ನಾನು ಕುಕ್ಕರುಗಾಲಲ್ಲಿ ಕೂತು ಎಡಗೈಯಲ್ಲಿ ಟಾರ್ಚು ಹಿಡಿದೆ. ಎಷ್ಟೋ ವರ್ಷದ ಮೇಲೆ ಸಿಟ್ಟಿಲ್ಲದೆ ಕೆಲಸ ನೋಡಿದೆ.

ಮರುದಿನ ಬೆಳಿಗ್ಗೆ ಡಾಕ್ಟರು ಗ್ಯಾರೇಜಿನ ಹಿಂದಿನ ಒಡೆದ ಕಲ್ಲುಗಳ ಮೇಲೆಲ್ಲ ಗಾಡಿ ಹತ್ತಿಸಿ ಇಳಿಸಿ, ಮುಖ ಅರಳಿಸಿಕೊಂಡು ಬಂದರು.

"ಎಲ್ಲೂ ತಗುಲ್ಲಿಲ್ಲ. ಆ ಹಳೇ ಕಿರಕಿರನೂ ಹೋಯ್ತು. ಎಷ್ಟಾದ್ರೂ ನಿಮ್ಮ ಕೈಗುಣ ಮೇಸ್ತ್ರಿ."

ಅವಳು ಚಿಂದಿಬಟ್ಟೆ ಎತ್ತಿಕೊಂಡು ಆ ಕಡೆ ತಿರುಗಿದಳು. ನಾನು ಹೂಂ ಅಂದಿದ್ದರೆ ಮುಗಿದುಹೋಗುತ್ತಿತ್ತು. ನನ್ನ ತಲೆ ಆಗಲೇ ಅರ್ಧ ಆಡಿತ್ತು.

"ಕೈಗುಣ ಅವಳ್ದು ಡಾಕ್ಟ್ರೇ," ಅಂದೆ. "ಕಿರಕಿರ ನನ್ದು. ರಬ್ಬರಿಂದೇನೂ ತಪ್ಪಿರ್ಲಿಲ್ಲ, ನಾನು ಹಾಕಿದ್ದೇ ತಪ್ಪು. ನನ್ನ ಭುಜ ಹೋಗಿ ಎರಡು ವರ್ಷ ಆಯ್ತು. ಆವತ್ತಿಂದ ಇಲ್ಲಿ ಆಗಿರೋ ಕೆಲ್ಸ ಎಲ್ಲ ಇವಳ್ದೇ. ನನ್ನ ಸೊಸೆ."

ಕೊನೆಯ ಮಾತಿಗೆ ದನಿ ಎಷ್ಟು ಜೋರಾಯಿತೆಂದರೆ ಎದುರಂಗಡಿಯವನೂ ತಿರುಗಿ ನೋಡಿದ. ನೋಡಲಿ.

ಚಿಂದಿಬಟ್ಟೆ ಅವಳ ಕೈಯಲ್ಲಿ ಹಾಗೇ ನಿಂತಿತ್ತು. ಡಾಕ್ಟರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಗಾಡಿಯ ಬಾಗಿಲು ತೆಗೆದು ಹತ್ತಿದರು, ಇಳಿದರು, ಮತ್ತೆ ಹತ್ತಿ ಕೂತರು. ಏಣಿ ಬೇಕಾಗಲಿಲ್ಲ.

"ಮತ್ತೆ ಯಾವಾಗ ತರ್ಲಿ ಮೇಸ್ತ್ರಿ?" ಎಂದು ಕೇಳಿದರು.

ಅಭ್ಯಾಸಬಲದಿಂದ ನಾನು ಬಾಯಿ ತೆರೆದೆ. ಅವರು ಕೇಳಿದ್ದು ನನ್ನನ್ನಲ್ಲ.

"ಐನೂರು ಕಿಲೋಮೀಟರ್ ಓಡಿಸ್ಕೊಂಡು ಬನ್ನಿ," ಅಂದಳು ಸೊಸೆ. "ಬೋಲ್ಟೆಲ್ಲ ಇನ್ನೊಂದ್ಸಲ ನೋಡ್ತೀನಿ."

"ನೆಲದ ಮೇಲೆ ನಿಲ್ಲಿಸ್ಕೊಂಡೇ," ಎಂದು ನಾನು ಸೇರಿಸಿದೆ.